ಕಲ್ಯಾಣದುರ್ಗದ ಅಪ್ಪಗಿಂತಲು

ಹಿಂದೂಪುರದ ಹುಣಸೆ ಮಂಡಿಗಳ ಬೀದಿಯಲ್ಲಿ ಇಸ್ತ್ರಿ ಪ್ಯಾಂಟು, ಮಿರುಗುವ ಕರಿ ಶೂ ಹಾಕಿಕೊಂಡು ನಡೆಯುವ ಮುದುಕ ಒಬ್ಬನೇ ಇದ್ದ. ಅವನು ಸ್ಯಾಕ್ಸೊಫೋನ್ ಪಾಪಯ್ಯ. ಬೆಂಗಳೂರಿನ ಒಂದು ದೊಡ್ಡ ಹೋಟೆಲಿನಲ್ಲಿ ಅರ್ಧ ಆಯಸ್ಸು ಜಾಸ್ ನುಡಿಸಿದವನು. ಹೋಟೆಲಿನವರು ವಾದ್ಯದವರನ್ನು ತೆಗೆದು ಡಿಜೆಯನ್ನು ಕೂರಿಸಿದ ಮೇಲೆ ಹೆಂಡತಿ ಶಿವಲಕ್ಷ್ಮಮ್ಮನ ಜೊತೆ ಊರಿಗೆ ವಾಪಸ್ಸಾಗಿದ್ದ. ಕೆಲಸ ಹೋಯಿತು, ಶೂ ಮಾತ್ರ ಹೋಗಲಿಲ್ಲ. "ಏನಯ್ಯಾ ಪಾಪಯ್ಯ, ಇವತ್ಯಾವ ದೊರೆ ಮನೇಲಿ ಊಟ?" ಅಂತ ನಾನು ರೇಗಿಸಿದರೆ, "ಶಾಮಿಯಾನ ಕಟ್ಟೋನಿಗೆ ಇದೆಲ್ಲ ಏನ್ ಗೊತ್ತಾಯ್ತದೆ, ಸುಮ್ಕಿರು" ಅನ್ನುತ್ತಿದ್ದ.

ಶಾಮಿಯಾನ ಕಟ್ಟುವವನು ಅಂದರೆ ನಾನೇ, ಜಯಚಂದ್ರ. ಬಸ್ ಸ್ಟ್ಯಾಂಡಿನ ಹಿಂದೆ ನನ್ನ ಅಂಗಡಿ. ಶಾಮಿಯಾನ, ಕುರ್ಚಿ, ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುತ್ತೇನೆ. ಈ ಕಡೆ ಪರಿಗಿ, ಆ ಕಡೆ ಕೊಡಿಕೊಂಡ ಚೆಕ್‌ಪೋಸ್ಟಿನವರೆಗೆ ಯಾರ ಮನೆ ಮದುವೆಯಾದರೂ ಅರಚುವುದು ನನ್ನ ಸ್ಪೀಕರೇ. ಬ್ಯಾಂಡ್ ಸೆಟ್ಟಿನವರ ಹೊಟ್ಟೆಯ ಮೇಲೆ ಹೊಡೆದವರು ನಾವು ಅಂತ ಪಾಪಯ್ಯ ಬೈಯುತ್ತಿದ್ದ. ಬೈದ ಮೇಲೆ ನನ್ನ ಅಂಗಡಿಯದೇ ಪ್ಲಾಸ್ಟಿಕ್ ಕುರ್ಚಿ ಎಳೆದು ಕೂತು, ನಾನು ತರಿಸಿದ ಟೀ ಕುಡಿಯುತ್ತಿದ್ದ. ಬೈಯುವವನು ದಿನಾ ಬಂದು ಬೈದರೆ ಅದೂ ಒಂದು ಸ್ನೇಹವೇ.

ಜಾಸ್ ಅಂದರೆ ಏನಪ್ಪಾ ಅಂತ ಒಂದು ಸಲ ಕೇಳಿದ್ದೆ. ಒಂದು ಹಾಡು ಹಿಡಿಯುವುದು, ಅದರಿಂದ ಹೊರಗೆ ಬಂದು ಮನಸ್ಸಿಗೆ ಬಂದ ಹಾದಿಯಲ್ಲಿ ಅಲೆಯುವುದು, ಕೊನೆಗೆ ಎಲ್ಲರೂ ಸೇರಿ ಅದೇ ಹಾಡಿಗೆ ವಾಪಸ್ಸು ಬರುವುದು, ಅಷ್ಟೇ ಅಂದ. "ವಾಪಸ್ ಬರೋದೇ ಗೊತ್ತಿಲ್ದಿದ್ರೆ?" ಅಂದೆ. "ಅವ್ನು ಜಾಸ್ ನುಡ್ಸೋನಲ್ಲ, ಪರದೇಶಿ" ಅಂದ. ಆಗ ಇಬ್ಬರೂ ನಕ್ಕಿದ್ದೆವು.

ಪಾಪಯ್ಯ ಇದನ್ನು ಕಲಿತದ್ದು ಬೆಂಗಳೂರಿನಲ್ಲಿ ಅಂತ ಎಲ್ಲರೂ ತಿಳಿದಿದ್ದರು. ಅವನು ಒಪ್ಪುತ್ತಿರಲಿಲ್ಲ. ಕಲಿತದ್ದು ಕಲ್ಯಾಣದುರ್ಗದಲ್ಲಿ, ಬೆಂಗಳೂರಿನವರು ಅದಕ್ಕೆ ಹೆಸರಿಟ್ಟರು ಅಷ್ಟೇ ಅನ್ನುತ್ತಿದ್ದ. ಮೀಸೆ ಮೂಡುವ ವಯಸ್ಸಿನಲ್ಲಿ ಅವನು ಕಲ್ಯಾಣದುರ್ಗದ ಅಕ್ಕನ ಮನೆಗೆ ಹೋದವನು, ಅಲ್ಲಿ ಬ್ಯಾಂಡ್ ಮಾಸ್ಟರ್ ಓಬಳೇಶಪ್ಪನವರ ಕ್ಲಾರಿನೆಟ್ ಕೇಳಿ ಅಲ್ಲೇ ನಿಂತುಬಿಟ್ಟ. ಓಬಳೇಶಪ್ಪನವರು ಸಿನಿಮಾ ಹಾಡು ನುಡಿಸುತ್ತಿದ್ದರು, ಹೊಟ್ಟೆಪಾಡು. ಆದರೆ ಅವರು ತಾವೇ ಕಟ್ಟಿದ ಸ್ವರಗಳಿದ್ದವು. ಬೀಗರನ್ನು ಎದುರುಗೊಳ್ಳಲು ಒಂದು, ತೇಗುತ್ತಾ ಎಲೆ ಮುಂದಿನಿಂದ ಏಳುವವರಿಗೆ ಒಂದು ತಮಾಷೆಯದು, ಹೆಣ ಸಾಗಿಸಲು ಒಂದು. ಅವರ ಸ್ವರಗಳು ತಾಳಕ್ಕಿಂತ ಒಂದು ಕೂದಲೆಳೆ ತಡವಾಗಿ ಬರುತ್ತಿದ್ದವು. ಕಾಲು ಎಳೆದುಕೊಂಡು ನಡೆಯುವ ಮನುಷ್ಯ ಎಲ್ಲರಿಗಿಂತ ಮುಂಚೆ ಊರು ಸೇರಿದ ಹಾಗೆ ಅನ್ನಿಸುತ್ತಿತ್ತು ಅಂತ ಪಾಪಯ್ಯ ಹೇಳುತ್ತಿದ್ದ.

ಎಲ್ಲಕ್ಕಿಂತ ದೊಡ್ಡದು ಅಪ್ಪಗಿಂತಲು. ನಮ್ಮ ಕಡೆ ಹೆಣ್ಣನ್ನು ಗಂಡಿನ ಮನೆಯವರ ಕೈಗೆ ಒಪ್ಪಿಸುವ ಶಾಸ್ತ್ರಕ್ಕೆ ತೆಲುಗಿನ ಆ ಹೆಸರೇ ನಡೆಯುತ್ತದೆ. ಆ ಹೊತ್ತಿಗೆಂದು ಓಬಳೇಶಪ್ಪನವರು ಕಟ್ಟಿದ ಸ್ವರ ಕೇಳಿದರೆ ಗಂಡಿನ ಕಡೆಯವರೂ ಅಳುತ್ತಿದ್ದರು. ಅನಂತಪುರ ಜಿಲ್ಲೆಯ ಎಷ್ಟೋ ಸೆಟ್ಟುಗಳು ಅದನ್ನು ಕದ್ದು ನುಡಿಸಿದವು. ನನಗೆ ರಾಗದ ತಲೆಬುಡ ಗೊತ್ತಿಲ್ಲ. ಆದರೂ ಎಲ್ಲಿ ಕೇಳಿದರೂ ಅದನ್ನು ಗುರುತು ಹಿಡಿಯುತ್ತೇನೆ, ಅಷ್ಟು ಮದುವೆಗಳಲ್ಲಿ ಕೇಳಿದ್ದೇನೆ. ಗೋಳಾಡುತ್ತಾ ಹೋಗಿ, ಕೊನೆಗೆ ಮೆಲ್ಲಗೆ ಇಳಿದು, ಹೋಗಲಿ ಬಿಡು ಅಂದ ಹಾಗೆ ಕೂತುಬಿಡುತ್ತದೆ.

ಬೆಂಗಳೂರಿನ ಹೋಟೆಲಿನಿಂದ ಕರೆ ಬಂದಾಗ ಪಾಪಯ್ಯ ಆ ಸೆಟ್ಟಿನಲ್ಲಿ ಎರಡನೆಯವನಾಗಿದ್ದ. ಮಾಸ್ಟರಿಗೆ ಹೇಳಿಯೇ ಹೊರಟ. ಅವರು ಬೇಡ ಅನ್ನಲಿಲ್ಲವಂತೆ. "ಆಯುಧ ಪೂಜೆ ಮುಗಿಸ್ಕೊಂಡು ಹೋಗಪ್ಪ" ಅಂದರಂತೆ. ಹೋಟೆಲಿನವರು ಕೂಡಲೇ ಬಾ ಅಂದಿದ್ದರು. ಪಿತೃಪಕ್ಷ, ಹೊಸ ಕೆಲಸಕ್ಕೆ ಕಾಲಿಡುವ ಹೊತ್ತಲ್ಲ ಅಂತ ಅಕ್ಕ ಬೇರೆ ಗೊಣಗಿದಳು. ಹಬ್ಬದ ಸೀಸನ್ನಿಗೆ ಕೈ ಕಡಿಮೆಯಾಗುತ್ತದೆ, ಅದಕ್ಕೇ ಮಾಸ್ಟರು ತಡೆಯುತ್ತಿದ್ದಾರೆ ಅಂದುಕೊಂಡು ಇವನು ಬಸ್ ಹತ್ತಿದ. ಮತ್ತೆ ಹೋದದ್ದು ಮಾಸ್ಟರು ತೀರಿಕೊಂಡಾಗ, ಅದೂ ಮಣ್ಣಾದ ಮೇಲೆ.

ಆ ಕೊರಗು ಅವನಿಗಿತ್ತು. ಅದನ್ನು ಕಳೆದುಕೊಳ್ಳಲು ಹಿಡಿದ ದಾರಿಯೇ ಆಲ್ಬಂ. ಹೋಟೆಲಿನ ಕೊನೆಯ ವರ್ಷಗಳಲ್ಲಿ ಅವನ ಜೊತೆ ಪಿಯಾನೊ ನುಡಿಸುತ್ತಿದ್ದ ರಶ್ಮಿ ಅನ್ನುವ ಹುಡುಗಿ ಬೆಂಗಳೂರಿನಲ್ಲಿ ಸಂಗೀತ ಕಲಿಸುತ್ತಾಳೆ. ಇವನು ಗುನುಗುತ್ತಿದ್ದ ಓಬಳೇಶಪ್ಪನವರ ಸ್ವರಗಳನ್ನು ಕೇಳಿ, ಸರ್ ಇದನ್ನೆಲ್ಲ ಜಾಸ್ ಮಾಡಿ ಗುರುಗಳ ಹೆಸರಿನಲ್ಲೇ ಹೊರಗೆ ತರೋಣ ಅಂದಳು. ಹುಣಸೆ ಮರ ಮುಪ್ಪಾದರೂ ಹುಳಿ ಮುಪ್ಪೇ ಅಂತಾರಲ್ಲ, ಪಾಪಯ್ಯನ ಉಸಿರು ಆಗಲೂ ಗಟ್ಟಿಯಾಗಿತ್ತು. ಮುಂಜಾನೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಾ, ಸ್ಟುಡಿಯೊದಲ್ಲಿ ಎಲ್ಲ ಸ್ವರಗಳನ್ನೂ ನುಡಿಸಿ ಮುಗಿಸಿದ. ಆಲ್ಬಮ್ಮಿಗೆ 'ಕಲ್ಯಾಣದುರ್ಗ' ಅಂತಲೇ ಹೆಸರು.

ಮುಗಿದ ಮೇಲೆ ಒಂದು ಹಟ ಹಿಡಿದ. ಮಾಸ್ಟರ ಹೆಂಡತಿ ಸುವರ್ಣಮ್ಮ ಇನ್ನೂ ಇದ್ದರು, ಹಾಸಿಗೆ ಹಿಡಿದಿದ್ದರು. ಅವರು ಕೇಳಿ ಹೂಂ ಅನ್ನದೆ ಇದು ಹೊರಗೆ ಹೋಗಕೂಡದು ಅಂದ. "ಅಮ್ಮ ಹೂಂ ಅಂದ್ರೆ ಮಾಸ್ಟರು ಅಂದಂಗೆ ಕಣಯ್ಯ. ನಾನು ಅವ್ರ ಶಿಷ್ಯ ಅಂತ ಹೇಳ್ಕೋಬೋದು" ಅಂದ. ಈ ವಯಸ್ಸಿನಲ್ಲಿ ಯಾರ ಹತ್ತಿರ ಹೇಳಿಕೊಳ್ಳಬೇಕು ಅಂತ ನಾನು ಕೇಳಲಿಲ್ಲ. ವ್ಯಾನ್ ತೆಗೆದೆ, ಒಂದು ಒಳ್ಳೆಯ ಸ್ಪೀಕರನ್ನೂ ಹಾಕಿಕೊಂಡೆ.

ಮಡಕಶಿರ ದಾಟಿ, ಪಾವಗಡದಲ್ಲಿ ಕರ್ನಾಟಕಕ್ಕೆ ಹೊಕ್ಕು, ಮತ್ತೆ ಆಂಧ್ರಕ್ಕೆ ಹೊರಳಿಕೊಂಡು ಹೋಗಬೇಕು. ಕಲ್ಯಾಣದುರ್ಗದಲ್ಲಿ ಬೆಟ್ಟದ ಬುಡದ ಓಣಿಯೊಳಗೆ ಆ ಮನೆ. ನಡುಮನೆಯ ಗೋಡೆಗೆ ಮಾಸ್ಟರ ಕೆಂಪು ಕೋಟು ಇನ್ನೂ ತಗುಲಿಹಾಕಿತ್ತು, ಗುಂಡಿಗಳೆಲ್ಲ ಹಸಿರುಗಟ್ಟಿದ್ದವು. ಸುವರ್ಣಮ್ಮನಿಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು. "ಶೂ ಸದ್ದು ಮಾಡ್ಕೊಂಡು ಬಂದೋನು ಯಾರು, ಪಾಪಯ್ಯನಾ?" ಅಂದರು. ಅವನು ಹೊಸ್ತಿಲಲ್ಲೇ ಶೂ ಬಿಚ್ಚಿ, ಮಂಚದ ಪಕ್ಕ ನೆಲದ ಮೇಲೆ ಕೂತ.

ನಾನು ಸ್ಪೀಕರ್ ಜೋಡಿಸಿ ಆಲ್ಬಂ ಹಾಕಿದೆ. ಮೊದಲ ಸ್ವರಗಳಿಗೆ ಮುದುಕಿಯ ಬೆರಳು ಮಂಚದ ಪಟ್ಟಿಯ ಮೇಲೆ ತಾಳ ಹಾಕಿತು. ಎಲೆ ಮುಂದಿನಿಂದ ಏಳುವವರ ಸ್ವರಕ್ಕೆ ನಕ್ಕರು. ಹೆಣದ ಸ್ವರ ಬಂದಾಗ ಸುಮ್ಮನೆ ಕಣ್ಣು ಮುಚ್ಚಿದರು. ಪಾಪಯ್ಯ ಅವರ ಮುಖವನ್ನೇ ನೋಡುತ್ತಿದ್ದ, ಪರೀಕ್ಷೆಯ ರಿಸಲ್ಟ್ ನೋಡುವವನ ಹಾಗೆ. ಕಡೆಯದು ಅಪ್ಪಗಿಂತಲು. ಸ್ಯಾಕ್ಸೊಫೋನ್ ಎಲ್ಲೆಲ್ಲೋ ಅಲೆದು, ಪಿಯಾನೊ ಅದರ ಬೆನ್ನಿಗೆ ನಿಂತು, ಕೊನೆಗೆ ನಾನು ಸಾವಿರ ಸಲ ಕೇಳಿದ ಆ ಮುಕ್ತಾಯ ಬಂತು, ಮೆಲ್ಲಗೆ ಇಳಿದು ಕೂತುಕೊಂಡಿತು. ಸುವರ್ಣಮ್ಮನ ಬೆರಳು ನಿಂತುಹೋಗಿತ್ತು.

"ಇದಿ ಕಾದಪ್ಪ" ಅಂದರು ತೆಲುಗಿನಲ್ಲಿ. ಇದು ಅಲ್ಲ ಅಂತ. "ಇದು ಬೀದಿಗೆ ಕೊಟ್ಟಿದ್ದು. ಬೀಗ ಹಾಕಿ ಕೊಟ್ಟಿದ್ದು."

ಪಾಪಯ್ಯನಿಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಬೇರೆ ಸೆಟ್ಟಿನವರು ಕದಿಯುತ್ತಾರೆ ಅಂತ ಓಬಳೇಶಪ್ಪನವರು ಅಪ್ಪಗಿಂತಲಿಗೆ ಬೀದಿಯಲ್ಲಿ ನುಡಿಸಲು ಒಂದು ಮುಕ್ತಾಯ ಕಟ್ಟಿದ್ದರು. ನಿಜವಾದ ಮುಕ್ತಾಯ ಮನೆಯೊಳಗೇ ಇತ್ತು. ಊರಿಗೆಲ್ಲ ಮನೆ ತೋರಿಸಿದರೂ ದೇವರ ಕೋಣೆ ತೋರಿಸಬಾರದು ಅನ್ನುವುದು ಅವರ ಮಾತು. ವರ್ಷಕ್ಕೊಂದು ಸಲ, ಆಯುಧ ಪೂಜೆಯ ದಿನ, ವಾದ್ಯಗಳಿಗೆ ಕುಂಕುಮ ಇಟ್ಟು, ಊಟವಾದ ಮೇಲೆ ಕಿರಿಯರನ್ನೆಲ್ಲ ಮನೆಗೆ ಕಳಿಸಿ, ಬಾಗಿಲು ಹಾಕಿ, ವಾದ್ಯಗಳ ಮುಂದೆ ಅದನ್ನು ನುಡಿಸುತ್ತಿದ್ದರು. ಸೆಟ್ಟಿನಲ್ಲಿ ಯಾರು ಕೊನೆತನಕ ನಿಲ್ಲುತ್ತಾರೆ ಅನ್ನಿಸುತ್ತದೋ ಅವರನ್ನು ಆ ದಿನ ಒಳಗೆ ಕೂರಿಸಿಕೊಂಡು ಕಲಿಸುವುದು ಅವರ ಪದ್ಧತಿ.

"ಬಾಗ್ಲು ಹಾಕ್ಕೊಂಡು ಗುಂಡು ಹಾಕ್ತಾರೆ ಅಂದ್ಕೊಂಡಿದ್ವಿ ನಾವು" ಅಂದ ಪಾಪಯ್ಯ. ಅವನ ದನಿ ಅವನದಾಗಿರಲಿಲ್ಲ.

"ಆ ವರ್ಷ ತಮ್ಮ ಎಲೆ ಪಕ್ಕ ನಿಂಗೂ ಒಂದು ಎಲೆ ಹಾಕ್ಸಿದ್ರು ಕಣಪ್ಪ. ಹಬ್ಬದ ದಿನಕ್ಕಾದ್ರೂ ಬಂದೇ ಬತ್ತಾನೆ ಅಂದ್ರು. ಬಸ್ ಸದ್ದಾದಾಗೆಲ್ಲ ಓಣಿ ತುದೀಗೆ ಹೋಗಿ ನೋಡ್ಕೊಂಡು ಬರೋರು. ನೀನು ಬರ್ಲಿಲ್ಲ. ಆ ಎಲೆ ಎತ್ತಿ ಹಸೂಗೆ ಹಾಕ್ದೆ ನಾನು."

ಅವರು ಹಂಗಿಸಲಿಲ್ಲ, ಇದ್ದದ್ದನ್ನು ಹೇಳಿದರು. ಹಂಗಿಸಿದ್ದರೆ ಚೆನ್ನಾಗಿತ್ತು. ತನಗೆ ಕೊಡಲಿಲ್ಲವಲ್ಲ ಅಂತ ಒಬ್ಬ ಮನುಷ್ಯ ಸಿಟ್ಟಾಗಬಹುದು, ನಾಲ್ಕು ದಿನ ಊಟ ಬಿಟ್ಟು ಆಮೇಲೆ ಸರಿಹೋಗಬಹುದು. ಕೊಡಲು ಕೂತಿದ್ದರು, ತಾನು ಬಸ್ ಹತ್ತಿಬಿಟ್ಟೆ ಅಂತ ಮುದಿವಯಸ್ಸಿನಲ್ಲಿ ಗೊತ್ತಾದರೆ ಏನು ಮಾಡುವುದು? ನನಗೆ ಅವನ ಮುಖ ನೋಡಲಾಗಲಿಲ್ಲ, ಸ್ಪೀಕರಿನ ವೈರ್ ಸುತ್ತುತ್ತಾ ನಿಂತೆ.

ಆಮೇಲೆ ಯಾರಿಗಾದರೂ ಕೊಟ್ಟರಾ ಅಂತ ಪಾಪಯ್ಯ ಕೇಳಿದ. ಎಷ್ಟೋ ವರ್ಷ ಯಾರನ್ನೂ ಒಳಗೆ ಕೂರಿಸಲಿಲ್ಲವಂತೆ. ಕೊನೆಗೆ ಸೈಡ್ ಡ್ರಮ್ಮಿನ ಮುನೆಪ್ಪನಿಗೆ ಹೇಳಿಕೊಟ್ಟರು. ಮುನೆಪ್ಪ ಕೊರೋನದ ಎರಡನೇ ಅಲೆಯಲ್ಲಿ ಹೋದ. ಅದನ್ನು ಎಲ್ಲೂ ಬರೆದಿಟ್ಟಿರಲಿಲ್ಲ, ಟೇಪಿಗೂ ಹಾಕಿರಲಿಲ್ಲ. ಉಳಿದದ್ದು ಪ್ರತಿ ವರ್ಷ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಕೇಳಿಸಿಕೊಂಡಿದ್ದ ಸುವರ್ಣಮ್ಮನ ಕಿವಿ ಒಂದೇ.

"ನೀವೇ ಗುನುಗಿ ಅಮ್ಮ" ಅಂದ. ಅವರು ಪ್ರಯತ್ನಪಟ್ಟರು. ಉಬ್ಬಸದ ಗಂಟಲಿನಿಂದ ಬರೀ ಗಾಳಿ ಬಂತು. "ನಂಗೆ ಹಾಡಕ್ಕೆ ಬರಲ್ಲಪ್ಪ. ಕೇಳಿದ್ರೆ ಗುರುತು ಹಿಡೀತೀನಿ" ಅಂದರು.

ಆ ಒಂದು ಮಾತು ಸಾಕಾಯಿತು ಅವನಿಗೆ. ವ್ಯಾನಿನಿಂದ ಸ್ಯಾಕ್ಸೊಫೋನ್ ತಂದು ಅಪ್ಪಗಿಂತಲಿನ ಕೊನೆಯ ಸಾಲು ಹಿಡಿದು, ಒಂದು ಮುಕ್ತಾಯ ಕಟ್ಟಿ ನುಡಿಸಿದ. ಅಲ್ಲ ಅಂದರು. ಇನ್ನೊಂದು ಕಟ್ಟಿದ. ಅಲ್ಲ. ಕತ್ತಲಾಗುವವರೆಗೂ ಹೀಗೇ ನಡೆಯಿತು.

ಅಲ್ಲಿಂದ ಮುಂದೆ ಪಾಪಯ್ಯನಿಗೆ ಬೇರೆ ಬಾಳೇ ಇರಲಿಲ್ಲ. ಹಿಂದೂಪುರದಲ್ಲಿ ಕೂತು ಮುಕ್ತಾಯಗಳನ್ನು ಕಟ್ಟುವುದು, ಕಲ್ಯಾಣದುರ್ಗಕ್ಕೆ ಒಯ್ದು ನುಡಿಸುವುದು, ಅಲ್ಲ ಅನ್ನಿಸಿಕೊಂಡು ಬರುವುದು. ಬಸ್ಸಿನಲ್ಲಿ ಹೋಗುತ್ತಿದ್ದ, ನನಗೆ ಬಿಡುವಿದ್ದರೆ ವ್ಯಾನಿನಲ್ಲಿ. ಹೆಣ್ಣು ನೋಡಲು ಹೋದವನ ಹಾಗೆ ಹೊರಡುತ್ತಾನೆ, ಹೆಣ ಸುಟ್ಟವನ ಹಾಗೆ ಬರುತ್ತಾನೆ ಅಂತ ಶಿವಲಕ್ಷ್ಮಮ್ಮ ನನ್ನ ಹತ್ತಿರ ಅತ್ತಳು. ಒಂದು ಸಲ ಸುವರ್ಣಮ್ಮ "ಹತ್ರ ಬಂದೆ ನೋಡು" ಅಂದರಂತೆ. ಇನ್ನೊಂದು ಸಲ "ಅದು ಇಳಿಯಲ್ಲಪ್ಪ, ಕೂರಲ್ಲ, ಹೋಯ್ತಾನೇ ಇರ್ತದೆ. ಹುಡುಗಿ ಇನ್ನೂ ಗಂಡನ ಮನೆ ಸೇರಿಲ್ಲ, ಸ್ವರ ಹೆಂಗೆ ಕೂತ್ಕೊತದೆ ಅನ್ನೋರು" ಅಂದರಂತೆ. ಅದನ್ನು ಹೇಳುವಾಗ ಪಾಪಯ್ಯನ ಕಣ್ಣು ಹೊಳೆಯುತ್ತಿತ್ತು. ಇಳಿಯದ, ಕೂರದ ಮುಕ್ತಾಯಗಳನ್ನು ರಾಶಿ ಹಾಕಿದ. ಎಲ್ಲಕ್ಕೂ ಅಲ್ಲ.

ರಶ್ಮಿ ಫೋನ್ ಮೇಲೆ ಫೋನ್ ಮಾಡುತ್ತಿದ್ದಳು. "ಸರ್, ಜಾಸ್ ಅಲ್ವಾ ಇದು, ಎಂಡಿಂಗ್ ನಮ್ಮಿಷ್ಟ. ಇರೋದು ಚೆನ್ನಾಗೇ ಇದೆ, ಬಿಡುಗಡೆ ಮಾಡೋಣ" ಅಂದಳು. ಅವಳದೇನೂ ತಪ್ಪಿರಲಿಲ್ಲ. "ಎಲ್ಲಾನೂ ನಮ್ಮಿಷ್ಟ ಮಾಡ್ಕೊಂಡೇ ಹಿಂಗಾಗಿರೋದಮ್ಮ" ಅಂತ ಹೇಳಿ ಇವನು ಫೋನ್ ಇಟ್ಟ. ನನಗೂ ಒಂದೊಂದು ಸಲ ರೇಗುತ್ತಿತ್ತು. ಸತ್ತವರ ಮನೆಯ ಬೀಗದ ಕೈ ಹುಡುಕುತ್ತಾ ಬದುಕಿರುವ ಹೆಂಡತಿಯನ್ನು ಅಳಿಸುವುದು ಯಾವ ನ್ಯಾಯ ಅಂತ ಬೈದೆ. ಅವನು ಟೀ ಕುಡಿದು ಎದ್ದುಹೋದ, ತಿರುಗಿ ಬೈಯಲಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸಿತು.

ಚಳಿಗಾಲದಲ್ಲಿ ಸುವರ್ಣಮ್ಮನ ಉಬ್ಬಸ ಏರಿತು. ಪಕ್ಕದ ಮನೆಯವರು ಸುದ್ದಿ ಕಳಿಸಿದರು. ನಾವಿಬ್ಬರೂ ಹೋದೆವು. ದಿಂಬುಗಳನ್ನು ಒಟ್ಟಿ ಕೂರಿಸಿದ್ದರು, ಮಾತು ಒಂದೊಂದೇ ಬರುತ್ತಿತ್ತು. ಇವತ್ತು ಬೇಡ ಬಿಡು ಅಂದೆ ನಾನು. ಅವರೇ ಕೈ ಆಡಿಸಿ ನುಡಿಸು ಅಂದರು. ಪಾಪಯ್ಯ ತಾನು ತಂದಿದ್ದನ್ನೆಲ್ಲ ನುಡಿಸಿದ. ಪ್ರತಿ ಸಲವೂ ಆ ತಲೆ ಸ್ವಲ್ಪವೇ ಅಲ್ಲಾಡುತ್ತಿತ್ತು, ಅಲ್ಲ ಅಂತ. ತಂದದ್ದು ಮುಗಿಯಿತು. ಅವನು ಸೋತಿದ್ದ. ಸುಮ್ಮನಿರಲಾರದೆ ಮತ್ತೊಂದು ಸಲ ಕೊನೆಯ ಸಾಲು ಹಿಡಿದ. ಮನಸ್ಸು ಎಲ್ಲಿತ್ತೋ, ಬೆರಳುಗಳು ತಮ್ಮ ಹಳೆಯ ಹಾದಿ ಹಿಡಿದವು. ಮೆಲ್ಲಗೆ ಇಳಿದು, ಹೋಗಲಿ ಬಿಡು ಅಂದ ಹಾಗೆ ಕೂತುಕೊಂಡಿತು ಸ್ವರ.

"ಅದೇ" ಅಂದರು ಸುವರ್ಣಮ್ಮ. "ಬಂತು ಕಣಪ್ಪ. ಅದೇ."

ಪಾಪಯ್ಯ ವಾದ್ಯವನ್ನು ಬಾಯಿಂದ ತೆಗೆಯದೆ ಹಾಗೇ ಇದ್ದ. ಅವರು ಕೈ ಚಾಚಿ, ತಡವರಿಸಿ, ಅವನ ತಲೆ ಹುಡುಕಿ ಅದರ ಮೇಲೆ ಇಟ್ಟರು. "ಅವ್ರಿಗೆ ಹೇಳ್ತೀನಿ. ಪಾಪಯ್ಯ ಬಂದ ಅಂತ" ಅಂದರು. ಅವನು ಅವರ ಪಾದಕ್ಕೆ ಹಣೆ ಹಚ್ಚಿದ. ನಾನು ಕೆಂಪು ಕೋಟಿನ ಗುಂಡಿ ನೋಡುತ್ತಾ ನಿಂತಿದ್ದೆ. ಅದು ಮದುವೆ ಮನೆಗಳಲ್ಲಿ ಸಾವಿರ ಸಲ ಕೇಳಿದ ಬೀದಿಯ ಮುಕ್ತಾಯ ಅಂತ ನನ್ನಂಥ ಶಾಮಿಯಾನದವನಿಗೂ ಗೊತ್ತಾಗಿತ್ತು.

ವಾಪಸ್ಸು ಬರುವಾಗ ಪಾವಗಡದ ಹತ್ತಿರ ರಸ್ತೆಯ ಎರಡೂ ಕಡೆ ಸೋಲಾರ್ ಪ್ಲೇಟುಗಳು ಕಣ್ಣಿಗೆ ಎಟುಕುವವರೆಗೂ ಮಲಗಿದ್ದವು.

"ನಿಂಗೂ ಗೊತ್ತಾಯ್ತಾ?" ಅಂದ.

"ಗೊತ್ತಾಯ್ತು."

"ಮರ್ತ್‌ಬುಟ್ರೋ, ನಂಗೋಸ್ಕರ ಅಂದ್ರೋ?"

ನಾನು ಗೇರ್ ಬದಲಾಯಿಸಿದೆ. ಅವನೇ ಅಂದ, "ಎರಡೂ ಒಂದೇ ಬಿಡು. ಇನ್ಮೇಲೆ ನಾನು ಏನ್ ನುಡಿಸಿದ್ರೂ ಅಲ್ಲ ಅನ್ನೋರು ಯಾರೂ ಇಲ್ಲ."

ಸಂಕ್ರಾಂತಿಗೆ ಮುಂಚೆ ಸುವರ್ಣಮ್ಮ ಹೋದರು. ಪಾಪಯ್ಯ ಮಣ್ಣಿಗೆ ಹೋದ, ಈ ಸಲ ಹೊತ್ತಿಗೆ ಸರಿಯಾಗಿ. ಹೆಣದ ಸ್ವರ ನುಡಿಸು ಅಂತ ಓಣಿಯವರು ಕೇಳಿದರು, ಅವನು ಹೆಗಲು ಕೊಟ್ಟ, ನುಡಿಸಲಿಲ್ಲ. ಬಂದವನೇ ರಶ್ಮಿಗೆ ಫೋನ್ ಮಾಡಿ ಆಲ್ಬಂ ಬಿಡು ಅಂದ. ಒಂದೇ ಷರತ್ತು. ಅಪ್ಪಗಿಂತಲಿನ ಕೊನೆಯ ಸಾಲಿನಲ್ಲಿ, ಬೀದಿಯ ಮುಕ್ತಾಯ ಶುರುವಾಗುವ ಜಾಗಕ್ಕೆ ಸರಿಯಾಗಿ ಕತ್ತರಿಸಿಬಿಡು. ಅವಳು ಎಷ್ಟೋ ಹೇಳಿ ನೋಡಿದಳು, ಕೊನೆಗೆ ಅವನು ಹೇಳಿದಂತೆಯೇ ಮಾಡಿದಳು. ಬೆಂಗಳೂರಿನಲ್ಲಿ ಯಾರೋ ಅದನ್ನು ಬಹಳ ಧೈರ್ಯದ ಪ್ರಯೋಗ ಅಂತ ಬರೆದಿದ್ದರು. ಪಾಪಯ್ಯನಿಗೆ ಅದನ್ನು ಓದಿ ಹೇಳಿದೆ. "ಹುಂ" ಅಂದ. ಅಷ್ಟು ಹೊತ್ತಿಗೆ ಅವನು ಶೂ ಬಿಟ್ಟು ರಬ್ಬರ್ ಚಪ್ಪಲಿಗೆ ಬಂದಿದ್ದ. ಸ್ಯಾಕ್ಸೊಫೋನ್ ಪೆಟ್ಟಿಗೆ ಅಟ್ಟಕ್ಕೆ ಹೋಗಿತ್ತು.

ಅದಾಗಿ ವರ್ಷದ ಮೇಲೆ, ಮೊನ್ನೆ ಮಾಘದಲ್ಲಿ, ಪರಿಗಿಯಲ್ಲಿ ಗಂಗುಲಮ್ಮ ಅನ್ನುವವರ ಮಗಳ ಮದುವೆ. ಶಾಮಿಯಾನ, ಸ್ಪೀಕರು ನನ್ನದೇ. ಮನೆಯಲ್ಲಿ ಕೂತು ಏನು ಮಾಡುತ್ತೀಯ ಬಾ ಅಂತ ಪಾಪಯ್ಯನನ್ನೂ ವ್ಯಾನಿನಲ್ಲಿ ಕರೆದುಕೊಂಡು ಹೋಗಿದ್ದೆ. ಅವನು ಊಟ ಮಾಡಿ ಬಂದು ಮುಂದಿನ ಸೀಟಿನಲ್ಲೇ ಕೂತಿದ್ದ. ಹೆಣ್ಣು ಒಪ್ಪಿಸುವ ಹೊತ್ತಿಗೆ, ಬ್ಯಾಂಡಿನವರು ಇಲ್ಲ, ಓಬಳೇಶಪ್ಪನವರ ಅಪ್ಪಗಿಂತಲು ಇದ್ದರೆ ಹಾಕಿ ಅಂತ ಮನೆಯ ಹಿರಿಯರೊಬ್ಬರು ಕೇಳಿದರು. ಇದ್ದದ್ದು ಪಾಪಯ್ಯನದೇ. ಅವನ ಕಡೆ ನೋಡಿದೆ. ಅವನು ಬೇಡ ಅನ್ನಲಿಲ್ಲ. ಹಾಕಿದೆ.

ಗಂಗುಲಮ್ಮ ಮಗಳ ಕೈಯನ್ನು ಹಾಲಿನಲ್ಲಿ ಅದ್ದಿ ಬೀಗಿತ್ತಿಯ ಕೈಗೆ ಕೊಟ್ಟರು. ಸ್ಯಾಕ್ಸೊಫೋನ್ ಅಳುತ್ತಿತ್ತು, ಹೆಂಗಸರು ಅಳುತ್ತಿದ್ದರು. ಹುಡುಗಿ ಕಾರಿನ ಬಾಗಿಲಿಗೆ ಬಂದು ಒಂದು ಕಾಲು ಎತ್ತಿದ್ದಳು, ಅಷ್ಟರಲ್ಲಿ ಸ್ವರ ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು. ಹುಡುಗಿ ಕಾಲು ಕೆಳಗಿಟ್ಟು ಕಾಯುತ್ತಾ ನಿಂತಳು.

"ಏನಣ್ಣ, ಕರೆಂಟ್ ಹೋಯ್ತಾ?" ಅಂದರು ಗಂಗುಲಮ್ಮ.

"ಇಲ್ಲ ಕಣಮ್ಮ. ಅದು ಇರೋದೇ ಅಷ್ಟು."

"ಅಷ್ಟಕ್ಕೇ ನಿಲ್ಸ್‌ಬುಟ್ರೆ ಹೆಂಗಣ್ಣ? ಮಗು ಇನ್ನೂ ಕಾರ್ ಹತ್ತಿಲ್ಲ."

ನಾನು ವ್ಯಾನಿನ ಕಡೆ ನೋಡಿದೆ. ಅವರ ಮಾತು ಅಲ್ಲಿಯವರೆಗೂ ಕೇಳಿಸಿತ್ತು. ಪಾಪಯ್ಯ ನೇರ ಮುಂದಕ್ಕೆ ನೋಡುತ್ತಿದ್ದ. ಆಮೇಲೆ ಹಿಡಿ ತಿರುಗಿಸಿ ಕಿಟಕಿಯ ಗಾಜು ಏರಿಸಿಕೊಂಡ.